ಅಮ್ಮಗಾರ ಬೆನ್ನ ಹಿಂದಿನ ಜಾಗ

“ಇದಿ ಗೊಂತಾ, ಜೊನ್ನರೊಟ್ಟಾ?”

ವಿಶಾಖಪಟ್ಟಣದಲ್ಲಿ ನನ್ನ ಹಾಡಿಗೆ ಸಿಕ್ಕ ಮೊದಲ ಮರ್ಯಾದೆ ಇದು. ಇದು ಗಂಟಲೋ, ಜೋಳದ ರೊಟ್ಟಿಯೋ ಅಂತ. ಕೇಳಿದವರು ಅಮ್ಮಗಾರು. ಆಂಧ್ರದ ತುಂಬ ಕಛೇರಿ ಮಾಡಿದ ಹಿರಿಯ ಗಾಯಕಿ, ಸಿಂಹಾಚಲಂ ಬೆಟ್ಟದ ಕೆಳಗಿನ ಮನೆಯಲ್ಲಿ ಪಾಠ ಹೇಳುತ್ತಿದ್ದರು. ಸುತ್ತ ಕೂತಿದ್ದ ಪುಟ್ಟ ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು. ನಾನೋ, ವರ್ಗವಾಗಿ ಬಂದ ಬ್ಯಾಂಕ್ ಆಫೀಸರ್, ದಾವಣಗೆರೆಯಲ್ಲಿ ಸಂಗೀತದ ಸೀನಿಯರ್ ಪರೀಕ್ಷೆ ಫಸ್ಟ್ ಕ್ಲಾಸಿನಲ್ಲಿ ಪಾಸಾದವಳು! ಮೈಯೆಲ್ಲ ಉರಿದುಹೋಯಿತು. ಮುಂದಿನ ವಾರ ಅದೇ ಹುಡುಗಿಯರ ಪಕ್ಕ ಕೂರಿಸಿ ಮೊಟ್ಟಮೊದಲ ಪಾಠವಾದ ಸರಳೆ ವರಸೆಯಿಂದ ಶುರುಮಾಡಿಸಿದರು.

ಊರಿನ ನಮ್ಮ ಮೇಷ್ಟ್ರು ತಪ್ಪು ಹಾಡಿದರೂ “ಭಲೆ” ಅನ್ನುತ್ತಿದ್ದರು, ಪಾಠ ಮುಗಿದರೆ ಮಂಡಕ್ಕಿ ಮಿರ್ಚಿ ತರಿಸುತ್ತಿದ್ದರು. ಇಲ್ಲಿ ಮಂಡಕ್ಕಿ ಹಾಳಾಗಲಿ, ನೀರೂ ಕೇಳುವವರಿಲ್ಲ. “ಪರ್ಲೇದು”, ಅಂದರೆ ಅಡ್ಡಿಯಿಲ್ಲ, ಇದೇ ಅಮ್ಮಗಾರ ಬಾಯಿಂದ ಬರುವ ಅತಿ ದೊಡ್ಡ ಹೊಗಳಿಕೆ. ನಾನಿದ್ದ ಮಧುರವಾಡದ ಫ್ಲ್ಯಾಟಿನ ಓನರ್ ಇನ್ನೂ ನಯ. “ಮೇಡಂ ಗಾರು, ಏಮನುಕೋಕಂಡಿ, ಕಿಟಕಿ ಮುಚ್ಚಿಕೊಂಡು ಹಾಡಿ,” ಅಂದರು. ಬೇಜಾರು ಮಾಡ್ಕೋಬೇಡಿ ಅಂತ ಮೊದಲೇ ಹೇಳಿ ಬೇಜಾರು ಮಾಡುವುದು ಈ ಊರಿನ ಸೌಜನ್ಯ. ಮುಚ್ಚಿದ ಕಿಟಕಿಯೊಳಗೆ ಬೆವರು ಸುರಿಸುತ್ತ ಹಾಡಿದೆ. ಸಮುದ್ರದ ಉಪ್ಪುಗಾಳಿಗೆ ತಂಬೂರಿ ತಂತಿ ತುಕ್ಕು ಹಿಡಿಯಿತು. ಊರಲ್ಲಿ ಆ ಕಷ್ಟ ಇರಲಿಲ್ಲ. ಭಾನುವಾರ ಯಾರೂ ಫೋನು ಮಾಡದಿದ್ದಾಗ ಒಬ್ಬಳೇ ಕೂತು ಅತ್ತಿದ್ದೂ ಉಂಟು.

ಆದರೂ ಯಾಕೆ ಬಿಡಲಿಲ್ಲ? ಅಮ್ಮಗಾರು ಬಾಯಿಬಿಟ್ಟರೆ ಬೈಗುಳ, ಹಾಡಿದರೆ ದೇವರು. ನಮ್ಮ ಲೋಕದಲ್ಲಿ “ಇಂಥವರ ಶಿಷ್ಯೆ” ಅನ್ನುವುದೇ ವಿಳಾಸ. “ಅಮ್ಮಗಾರು ವೇದಿಕೆ ಮೇಲೆ ಒಂದು ಮಾತು ಹೇಳಲಿ, ನಿಮಗೆ ಕಛೇರಿ ಕೊಡ್ತೀವಿ,” ಅಂದಿದ್ದರು ವಿಜಯವಾಡದ ಸಂಗೀತ ಸಭೆಯವರು. ಆ ಒಂದು ಮಾತಿಗಾಗಿ ಕಾದೆ.

ಕೆಲವು ವರ್ಷದ ಮೇಲೆ ಅವರ ಬೆನ್ನ ಹಿಂದೆ ಜಾಗ ಸಿಕ್ಕಿತು. ತಂಬೂರಿ ಮೀಟುತ್ತ ಗುರುವಿನ ದನಿಗೆ ದನಿ ಸೇರಿಸುವ ಕೆಲಸ. ವಯಸ್ಸಾಗಿ ಅಮ್ಮಗಾರ ದನಿ ಮೇಲಿನ ಸ್ವರಗಳಿಗೆ ಏರುತ್ತಿರಲಿಲ್ಲ. ಏರಬೇಕಾದಾಗ ಅವರು ಬರಿದೇ ಬಾಯಿ ತೆರೆದು ಎಡಗೈ ಮಂಡಿ ಮೇಲೆ ಇಡುತ್ತಿದ್ದರು. ಅದೇ ನನಗೆ ಸನ್ನೆ. ಸ್ವರ ನಾನು ಹಿಡಿಯಬೇಕು, ಎರಡು ದನಿ ಅಂತ ಯಾರಿಗೂ ತಿಳಿಯಬಾರದು. ಅದಕ್ಕಾಗಿ ಅವರ ಕಂಪನ, ಅವರ ಮೂಗಿನ ಎಳೆ, ಉಸಿರು ತೆಗೆದುಕೊಳ್ಳುವ ಜಾಗ, ಎಲ್ಲವನ್ನೂ ನನ್ನ ಗಂಟಲಿಗೆ ಹಾಕಿದರು. ಅಭ್ಯಾಸದಲ್ಲಿ ನನ್ನ ದನಿ ಒಂಚೂರು ಇಣುಕಿದರೂ ತೊಡೆಗೆ ಚಿವುಟು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅಂತಾರಲ್ಲ, ಇಲ್ಲಿ ಹೂವನ್ನು ಹೊತ್ತು ನಡೆಸಿದ್ದೇ ನಾರು.

ಹೋದ ವರ್ಷ ವಿಜಯವಾಡದಲ್ಲಿ ಅವರಿಗೆ ಸನ್ಮಾನ. ರೈಲಿನಲ್ಲಿ ನಾನು ಮಾಡಿದ್ದ ಪುಳಿಯೋಗರೆ ತಿಂದು “ಉಪ್ಪು ಹೆಚ್ಚು” ಅಂದರು, ಡಬ್ಬಿ ಮಾತ್ರ ಖಾಲಿ ಮಾಡಿದರು. ವೇದಿಕೆ ಮೇಲೆ ಮೈಕು ಹಿಡಿದು ಮೂವರು ಶಿಷ್ಯೆಯರ ಹೆಸರು ಹೇಳಿದರು. ಮುಂದಿನದು ನನ್ನದೇ ಅಂದುಕೊಂಡೆ. ಆಮೇಲೆ ನನ್ನತ್ತ ಕೈ ತೋರಿಸಿ, “ಈ ಕನ್ನಡ ಅಮ್ಮಾಯಿ ತಂಬೂರಿ ಚೆನ್ನಾಗಿ ಮೀಟುತ್ತಾಳೆ,” ಅಂದರು.

ಅಯ್ಯೋ ಶಿವನೇ! ಅಷ್ಟೇ.

ಬಳಿಕ ಸಭೆಯವರು ಅವರ ಇತ್ತೀಚಿನ ಒಂದು ಕಛೇರಿಯ ರೆಕಾರ್ಡಿಂಗ್ ಹಾಕಿದರು. ದನಿ ಎಲ್ಲಕ್ಕಿಂತ ಎತ್ತರದ ತಾರ ಪಂಚಮಕ್ಕೆ ಏರಿ ನಿಂತುಬಿಟ್ಟಿತು, ಅಲುಗಲಿಲ್ಲ. ಜನ ಎದ್ದು ಚಪ್ಪಾಳೆ ತಟ್ಟಿದರು, ಮುಂದಿನ ಸಾಲಿನಲ್ಲಿ ಒಬ್ಬಾಕೆ ಅತ್ತೇಬಿಟ್ಟರು. “ಈ ವಯಸ್ಸಿನಲ್ಲಿ ಇಂಥ ದನಿ!” ಆ ಪಂಚಮ ನನ್ನದು. ಅಮ್ಮಗಾರು ಕಣ್ಣೊರೆಸಿಕೊಂಡು ಎಲ್ಲರೆದುರು ನನ್ನ ಕಡೆ ತಿರುಗಿದರು. “ವಿನ್ನಾವಾ? ಅಲಾ ಪಾಡಾಲಿ.” ಕೇಳಿದೆಯಾ, ಹಾಗೆ ಹಾಡಬೇಕು.

ಒಳಕೋಣೆಗೆ ಹೋದ ಮೇಲೆ ತಡೆಯಲಾಗಲಿಲ್ಲ. “ಅಮ್ಮಗಾರೂ, ಅದು ನನ್ನ ದನಿ,” ಅಂದೆ.

“ತೆಲುಸು,” ಅಂದರು. ಗೊತ್ತು ಅಂತ. ಹೊದಿಸಿದ ಶಾಲನ್ನು ನನ್ನ ಕೈಗೆ ಮಡಿಸಲು ಕೊಟ್ಟರು. “ನಿನ್ನದು ಅಂತ ಒಬ್ಬರಿಗೆ ತಿಳಿದಿದ್ದರೂ ನಿನ್ನನ್ನು ಅಂದೇ ಓಡಿಸುತ್ತಿದ್ದೆ. ತಿಳಿಯಲಿಲ್ಲ. ಅದಕ್ಕೇ ಇನ್ನೂ ಇಟ್ಟುಕೊಂಡಿದ್ದೇನೆ.”

ಶಾಲು ಮಡಿಸಿಟ್ಟು, ಆ ವಾರವೇ ರಜೆ ಹಾಕಿ ದಾವಣಗೆರೆಗೆ ಹೋದೆ. ಸಾಕು ಈ ಆಂಧ್ರದ ಸಹವಾಸ, ನನ್ನೂರಲ್ಲಿ ನನ್ನ ಹೆಸರಲ್ಲೇ ಹಾಡುತ್ತೇನೆ ಅಂದುಕೊಂಡೆ. ಅಕ್ಕ ಅವರೆಕಾಯಿ ಸುಲಿಯುತ್ತ, “ಚಿಕ್ಕೋಳಿದ್ದಾಗ ಹಾಡ್ತಿದ್ದೆಯಲ್ಲ, ಆ ದೇವರನಾಮ ಹೇಳೇ,” ಅಂದಳು. ಹಾಡಿದೆ. ಅವಳ ಕೈ ನಿಂತುಹೋಯಿತು.

“ಚೆನ್ನಾಗೈತೆ. ಆದ್ರೆ ಇದು ನಿನ್ ದನಿ ಅಲ್ಲ ಕಣೇ. ಯಾವ್ದೋ ಮುದುಕಿ ಹಾಡಿದಂಗೈತೆ. ನಿಂದು ಹಾಡು.”

ಗಂಟಲು ಸರಿಮಾಡಿಕೊಂಡು ಮತ್ತೆ ಎತ್ತಿಕೊಂಡೆ. ಬಾಯಿಂದ ಅಮ್ಮಗಾರೇ ಬಂದರು. ಶ್ರುತಿ ಇಳಿಸಿ ನೋಡಿದೆ, ಆಗಲೂ ಅವರೇ. ಅಕ್ಕ ಸ್ವಲ್ಪ ಹೊತ್ತು ಕಾದು, ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.