ಹಗುರ ಮೈಯವರ ಸೀಟು

ನನ್ನ ಸೋದರಮಾವ ಬಸ್ಸಿನಲ್ಲಿ ಕೂಡುವುದಿಲ್ಲ. ಕಮಲಾಪುರದಿಂದ ಕಲಬುರಗಿಗೆ ಬರುವಾಗ ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಂತೇ ಬರುತ್ತಾನೆ. ಹಿಂದೆ ಸೇನೆಯ ಹೆಲಿಕಾಪ್ಟರಿನಲ್ಲಿ ಹಾರುತ್ತಿದ್ದವನು. ಒಮ್ಮೆ ಇಂಜಿನ್ ಕೈಕೊಟ್ಟು ಅದು ಬಯಲಿಗೆ ಧೊಪ್ಪನೆ ಬಿತ್ತು. ಪಕ್ಕದ ಸೀಟಿನಲ್ಲಿದ್ದ ದಪ್ಪ ಮೈಯ ಗೆಳೆಯ ಬೆನ್ನು ಸವರಿಕೊಂಡು ಎದ್ದು ನಡೆದ. ತೆಳ್ಳಗಿನ ಮಾವನ ಬೆನ್ನೆಲುಬು ಸೊಂಟದ ಹತ್ತಿರ ಮುರಿಯಿತು. ಅವನ ನಸೀಬ ಅಷ್ಟೇ ಎಂದರು ಊರ ಮಂದಿ.

ನನಗೆ ಆ ಮಾತು ಸಣ್ಣವಳಿದ್ದಾಗಲೇ ಹಿಡಿಸಿರಲಿಲ್ಲ. ಒಂದೇ ಹೊಡೆತ, ಇಬ್ಬರಿಗೆ ಬೇರೆ ಬೇರೆ ಪೆಟ್ಟು ಯಾಕೆ? ಮೆಕ್ಯಾನಿಕಲ್ ಓದಿ, ಸೇಡಂ ರಸ್ತೆಯ ಕಾಲೇಜೊಂದರಲ್ಲಿ ಪಾಠ ಮಾಡಲು ಸೇರಿದ ಮೇಲೆ ಉತ್ತರ ಸಿಕ್ಕಿತು. ಹೆಲಿಕಾಪ್ಟರಿನ ಇಂಥ ಸೀಟಿನ ಕೆಳಗೆ ಕುಸಿಯುವ ಭಾಗವೊಂದಿರುತ್ತದೆ. ಬಿದ್ದಾಗ ಅದು ಕುಸಿಯುತ್ತ ಪೆಟ್ಟನ್ನು ತಾನು ನುಂಗಬೇಕು. ಅದನ್ನು ನಡುತೂಕದ ಗಂಡಸಿಗೆ ಹೊಂದಿಸಿಟ್ಟರೆ, ಹಗುರ ಮೈಯವರು ಕೂತಾಗ ಸಾಕಷ್ಟು ಕುಸಿಯುವುದಿಲ್ಲ. ಉಳಿದ ಪೆಟ್ಟೆಲ್ಲ ಬೆನ್ನೆಲುಬಿಗೆ.

ಇಂಥ ಸೀಟುಗಳನ್ನು ಪರೀಕ್ಷಿಸುವ ಯೋಜನೆಯೊಂದು ನಮ್ಮ ಕಾಲೇಜಿಗೆ ಬಂದಾಗ ಮುಂದಾಳು ನಾನೇ ಆದೆ. ಮನುಷ್ಯರ ಬದಲು ಸೀಟಿನಲ್ಲಿ ಕೂಡಿಸಿ ಬೀಳಿಸುವ ಬೊಂಬೆಗಳ ಪಟ್ಟಿಗೆ ಹಗುರ ಬೊಂಬೆಯನ್ನೂ ಸೇರಿಸಿದೆ. ಪರಿಶೀಲನೆಗೆ ಬಂದ ಹಿರಿಯ ತಜ್ಞರು ಅದನ್ನು ಪಟ್ಟಿಯಿಂದ ಹೊಡೆದು ಹಾಕಿದರು.

“ಇಷ್ಟು ಹಗುರದವರು ಎಷ್ಟು ಜನ ಇರ್ತಾರಮ್ಮ? ಸರಾಸರಿ ತೂಕಕ್ಕೆ ಮಾಡಿ, ಸಾಕು.”

“ಸರಾಸರಿ ಮನುಷ್ಯಾ ಹೆಲಿಕಾಪ್ಟರ್ ಹತ್ತಂಗಿಲ್ರೀ ಸರ್,” ಎಂದೆ. “ಹತ್ತವ್ರು ನಮ್ಮ ಮಾಮಾನಂಥವ್ರು. ಈಗ ಹೆಣ್ಮಕ್ಕಳೂ ಹಾರಸಾಕತ್ತಾರ.”

ಅವರು ಫೈಲು ಮುಚ್ಚಿದರು. ಹೊರಗೆ ಬಂದ ಮೇಲೆ ನಮ್ಮ ವಿಭಾಗದ ಮುಖ್ಯಸ್ಥರು, “ದೊಡ್ಡೋರ ಜೋಡಿ ಯಾಕ್ರೀ ಜಿದ್ದು? ಹೇಳಿದಷ್ಟು ಮಾಡ್ರಿ,” ಎಂದರು.

ಹೇಳಿದಷ್ಟನ್ನೂ ಮಾಡಿದೆ, ಬೇಡವೆಂದದ್ದನ್ನೂ ಮಾಡಿದೆ. ವರ್ಕ್‌ಶಾಪಿನ ಹಿಂದೆ ಕಬ್ಬಿಣದ ಎತ್ತರದ ಚೌಕಟ್ಟು ನಿಲ್ಲಿಸಿದ್ದೆವು. ಸೀಟನ್ನು ಮೇಲೆತ್ತಿ ಬಿಟ್ಟರೆ ಮರಳಿನ ಹಾಸಿಗೆಗೆ ಬೀಳುತ್ತಿತ್ತು. ಹಗುರ ಬೊಂಬೆಯನ್ನು ನಾವೇ ಕಟ್ಟಬೇಕಿತ್ತು. ಅಳತೆಗೆ ಮಾವನನ್ನು ಕರೆದೆ. ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದದ್ದು ಕೂತಾಗಿನ ಎತ್ತರ.

“ಕೂಡಬೇಕಾಗ್ತದ ಮಾಮಾ,” ಎಂದೆ, ಅಂಜುತ್ತಲೇ.

ಅವನು ಸೀಟನ್ನು ಒಮ್ಮೆ ದಿಟ್ಟಿಸಿ ನೋಡಿ, ನಿಧಾನ ಕೂತ. ಹಣೆ ಬೆವೆತಿತು. ಟೇಪು ಹಿಡಿದ ನನ್ನ ಕೈ ಅವಸರ ಮಾಡಿತು.

“ಸಾವಕಾಶ ತಗೋ ತಂಗಿ. ಕೂತೀನಿ ಅಂದ್ರ ಕೂತೀನಿ. ಅಳತಿ ತಪ್ಪಬಾರ್ದು.”

ಬೊಂಬೆ ಸಿದ್ಧವಾದ ದಿನವೂ ಬಂದ. ಮೊದಲು ಭಾರದ ಬೊಂಬೆಯನ್ನು ಬೀಳಿಸಿದೆವು. ಸೀಟು ಸರಿಯಾಗಿ ಕುಸಿಯಿತು. ಆಮೇಲೆ ಹಗುರದ್ದು. ಸೀಟು ತುಸುವೇ ಕುಸಿದು ನಿಂತಿತು. ಬೆನ್ನೆಲುಬಿನ ಪೆಟ್ಟು ತೋರಿಸುವ ಗೆರೆ ಪರದೆಯ ಮೇಲೆ ನೆಟ್ಟಗೆ ಮೇಲೇರಿತು. ಮಾವ ಪರದೆಯ ಹತ್ತಿರ ಬಂದು ಆ ಗೆರೆಯ ತುದಿಗೆ ಬೆರಳಿಟ್ಟ.

“ಇನ್ನೊಮ್ಮಿ ಬಿಡು,” ಎಂದ.

ಮತ್ತೆ ಬಿಟ್ಟೆವು. ಅದೇ ಗೆರೆ. ಮಾವ ಟವೆಲ್ಲಿನಿಂದ ಮುಖ ಒರೆಸಿಕೊಂಡು, “ಇಷ್ಟು ವರ್ಷ ನನ್ನ ಮೈಯನ್ನ ಬೈಕೋಂತ ಬಂದೆ,” ಎಂದಷ್ಟೇ ಹೇಳಿದ.

ಮುಂದಿನ ಪರಿಶೀಲನೆಯಲ್ಲಿ ಅದೇ ತಜ್ಞರು ಹಗುರ ಬೊಂಬೆಯ ಭಾಗವನ್ನು ವರದಿಯಿಂದ ತೆಗೆಯಲು ಹೇಳಿದರು. ತೆಗೆದರೆ ಸಹಿ ಮಾಡುವುದಿಲ್ಲ ಎಂದೆ. ಯೋಜನೆಯ ಮುಂದಾಳುತನ ಬೇರೊಬ್ಬರ ಪಾಲಾಯಿತು. ಖೂಬಾ ಪ್ಲಾಟ್ ಬಡಾವಣೆಯ ನನ್ನ ಮನೆಗೆ ಬಂದು ಅತ್ತದ್ದು ನಿಜ. ಮರುದಿನ ವರ್ಕ್‌ಶಾಪಿಗೆ ಹೋದದ್ದೂ ನಿಜ. ಕೂತವರ ತೂಕಕ್ಕೆ ತಕ್ಕಂತೆ ಬಿಗಿ ಬದಲಿಸುವ ಸೀಟಿನ ಕೆಲಸ ಹಿಡಿದೆ. ಬೊಂಬೆ ಬೀಳಿಸಿ ಮಾಡಿದ ಪರೀಕ್ಷೆಗಳನ್ನೆಲ್ಲ ಲೇಖನ ಮಾಡಿ ಪ್ರಕಟಿಸಿದೆ.

ಕಳೆದ ತಿಂಗಳು ಆ ತಜ್ಞರ ಕಚೇರಿಯಿಂದಲೇ ಫೋನು ಬಂತು. ಹಗುರ ತೂಕದವರ ಫಲಿತಾಂಶದ ಸಾರಾಂಶ ಬೇಕಂತೆ.

“ಸಾರಾಂಶ ಕಳಸಂಗಿಲ್ರೀ,” ಎಂದೆ. “ಪೂರಾ ಕಳಸ್ತೀನಿ. ಪೂರಾ ಓದ್ರಿ.”

ಆ ಕಡೆಯವರು ಆಗಲಿ ಎಂದರು. ಊಟಕ್ಕೇಳುವ ಮೊದಲೇ ಕಳಿಸಿದೆ.