ಪಾವಗಡದಲ್ಲಿ ಮೂರು ದಿನ, ಕಾಲೇಜಿಗೆ ರಜೆ

ಅಪ್ರೆಂಟಿಸ್ ತರಬೇತಿಗೆ ಆಯ್ಕೆಯಾಗಿದ್ದೇನೆ ಎಂಬ ಸಂದೇಶ ಬಂದಾಗ ನಾನು ತೋವಿನಕೆರೆಯಿಂದ ಮಧುಗಿರಿಗೆ ಹೋಗುವ ಬಸ್ಸಿನಲ್ಲಿ ನಿಂತಿದ್ದೆ. ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದರಲ್ಲಿ ಫೋನು. ಪಾವಗಡದ ಕಡೆಯ ಒಂದು ಸೋಲಾರ್ ಘಟಕದಲ್ಲಿ ಒಂದು ವರ್ಷದ ತರಬೇತಿ. ಮೊದಲು ಮೂರು ದಿನ ಬಂದು ನೋಡಿ ಹೋಗಬಹುದು, ಆಮೇಲೆ ಒಂದು ವಾರದೊಳಗೆ ಒಪ್ಪಿಗೆ ತಿಳಿಸಬೇಕು ಎಂದು ಬರೆದಿತ್ತು. ಎರಡು ಸಲ ಓದಿದೆ. ಸಂತೋಷವಾಗಬೇಕಿತ್ತು. ಫೋನನ್ನು ಬ್ಯಾಗಿನೊಳಗೆ ತುರುಕಿದೆ.

ಆಗ ನಾನು ಮಧುಗಿರಿಯ ಕಾಲೇಜಿನಲ್ಲಿ ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದೆ. ಗಣಿತದ ಎರಡು ಪೇಪರು ಉಳಿದಿದ್ದವು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಕೇಳಿದಾಗಲೆಲ್ಲ ಪಾಸು ಅಂದುಬಿಡುತ್ತಿದ್ದೆ. ತರಗತಿಯಲ್ಲಿ ಮೇಷ್ಟರು ಬೋರ್ಡಿನಿಂದ ಈ ಕಡೆ ತಿರುಗಿದರೆ ಸಾಕು, ನನ್ನನ್ನೇ ಎಬ್ಬಿಸುತ್ತಾರೆಂದು ಬಿದ್ದ ಪೆನ್ನು ಹುಡುಕುವವಳಂತೆ ಡೆಸ್ಕಿನ ಕೆಳಗೆ ಬಗ್ಗುತ್ತಿದ್ದೆ. ತರಬೇತಿಯವರು ಕಾಲೇಜಿಗೆ ಬಂದು ಅರ್ಜಿ ತುಂಬಿಸಿಕೊಂಡ ದಿನ ನಾನು ಸಾಲಿನಲ್ಲಿ ನಿಂತದ್ದು ಆ ಭಯದಿಂದ ತಪ್ಪಿಸಿಕೊಳ್ಳಲಿಕ್ಕೆ, ಕರೆಂಟಿನ ಮೇಲಿನ ಪ್ರೀತಿಯಿಂದಲ್ಲ.

ಏಕೆಂದರೆ ನಮ್ಮ ಮನೆಯಲ್ಲಿ ಕರೆಂಟಿನಷ್ಟು ಹೆದರಿಸುವ ವಸ್ತು ಬೇರೆ ಇರಲಿಲ್ಲ. ನನಗೆ ಎಂಟು ವರ್ಷವಿದ್ದಾಗ ಚಿಕ್ಕಪ್ಪ ಹೊಲದ ಪಂಪಿನ ಸ್ಟಾರ್ಟರ್ ಪೆಟ್ಟಿಗೆ ಮುಟ್ಟಿ ಸತ್ತರು. ನಾನು ಬದುವಿನ ಮೇಲೆ ಕೂತು ಹಸಿ ಕಡಲೆಕಾಯಿ ಬಿಡಿಸುತ್ತಿದ್ದೆ. ಪಂಪ್ ಮನೆಯೊಳಗಿಂದ ಒಂದು ಗಿಡ್ಡ ಕೂಗು ಕೇಳಿತು, ಅಪ್ಪ ಗುದ್ದಲಿ ಎಸೆದು ಓಡಿದರು. ಅಂದಿನಿಂದ ಅಪ್ಪ ಪಂಪಿನ ಗುಂಡಿಯನ್ನು ಒಣಗಿದ ಹುಣಸೆ ಕೋಲಿನಿಂದ ಒತ್ತುತ್ತಾರೆ. ಅಮ್ಮ ಮಿಕ್ಸಿ ಹಾಕುವ ಮೊದಲು ಈಗಲೂ ಎಲ್ಲರನ್ನೂ ದೂರ ನಿಲ್ಲಿಸುತ್ತಾರೆ.

ಇಂಥ ಮನೆಯಲ್ಲಿ ನಿಜ ಹೇಳುವ ಧೈರ್ಯ ಬರಲಿಲ್ಲ. ಪಾವಗಡದಲ್ಲಿ ಕಂಪ್ಯೂಟರ್ ಕೆಲಸದ ತರಬೇತಿ, ಆಫೀಸಿನೊಳಗೆ ಕೂತು ಮಾಡುವಂಥದ್ದು, ಕಾಲೇಜಿನವರೇ ಕಳಿಸುತ್ತಿದ್ದಾರೆ ಎಂದೆ. ಅಮ್ಮ, "ಎಸಿ ಇರ್ತದಾ?" ಎಂದು ಕೇಳಿದರು. ಇರುತ್ತದೆ ಎಂದೆ.

ಹೊರಡುವ ಮುಂಚೆ ಭೌತಶಾಸ್ತ್ರದ ಮೇಡಂ ಹತ್ತಿರ ಹೋದೆ. ಅವರಿಗೆ ಮಾತ್ರ ಎಲ್ಲವನ್ನೂ ಹೇಳಿದೆ. ಅವರು ಪ್ರಾಕ್ಟಿಕಲ್ ರೆಕಾರ್ಡುಗಳಿಗೆ ಸಹಿ ಹಾಕುತ್ತಲೇ ಕೇಳಿಸಿಕೊಂಡರು.

"ಒಂದು ವರ್ಷ ಬಿಟ್ಟು ಮತ್ತೆ ಬರ್ತೀನಿ ಅಂದವರನ್ನ ಬೇಕಾದಷ್ಟು ನೋಡಿದೀನಿ ಕಣಮ್ಮ. ಬಂದವರು ಕಡಿಮೆ. ಒಂದು ಕೇಳ್ತೀನಿ ಹೇಳು. ಗಣಿತಕ್ಕೆ ಹೆದರಿ ಓಡಿ ಹೋಗ್ತಿದೀಯ, ಇಲ್ಲ ಆ ಕೆಲಸ ಬೇಕು ಅಂತ ಹೋಗ್ತಿದೀಯ?"

ನಾನು ಬ್ಯಾಗಿನಿಂದ ಕಾಗದ ತೆಗೆದು ಅವರ ಮುಂದಿಟ್ಟೆ. ಮೂರು ದಿನದ ರಜೆ ಅರ್ಜಿಗೆ ಅವರು ಸಹಿ ಹಾಕಿಕೊಟ್ಟರು.

ಪಾವಗಡ ದಾಟಿದ ಮೇಲೆ ಘಟಕದ ವ್ಯಾನು ತರಬೇತಿಗೆ ಬಂದವರನ್ನೆಲ್ಲ ಹತ್ತಿಸಿಕೊಂಡಿತು. ನೆಲ ಏರಿಳಿದ ಕಡೆಯೆಲ್ಲ ಕಪ್ಪುನೀಲಿ ಸೋಲಾರ್ ಹಲಗೆಗಳು, ಒಂದೇ ದಿಕ್ಕಿಗೆ ಮುಖ ಮಾಡಿ, ಕಣ್ಣು ಹೋದಷ್ಟು ದೂರ. ಮನುಷ್ಯರ ಸದ್ದೇ ಇಲ್ಲ. ಎಲ್ಲೋ ಒಂದು ಕಡೆಯಿಂದ ಗುಂಯ್ ಎಂಬ ಶಬ್ದ ಮಾತ್ರ ಬರುತ್ತಿತ್ತು. ನಾವು ಆರು ಜನ, ಹುಡುಗಿಯರು ಇಬ್ಬರು. ನಮಗೆ ಕಲಿಸಲು ಬಂದವರು ಪಾವಗಡದ ಕಡೆಯದೇ ಒಬ್ಬ ಹೆಂಗಸು, ಮೂವತ್ತೈದರ ಆಸುಪಾಸು. ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದರು. ಅವರನ್ನು ನಾವೆಲ್ಲ ಅಕ್ಕ ಎಂದೇ ಕರೆದೆವು.

"ಮನೆ ಕರೆಂಟು ಸ್ವಿಚ್ ಆಫ್ ಮಾಡಿದ್ರೆ ಹೋಗ್ತದೆ," ಎಂದರು ಅಕ್ಕ, ಒಂದು ಹಲಗೆಯ ಮೇಲೆ ಕೈಯಿಟ್ಟು. "ಇದು ಹಂಗಲ್ಲಮ್ಮಾ. ಬಿಸಿಲಿರೋ ತನಕ ಇದರೊಳಗೆ ಕರೆಂಟು ಇದ್ದೇ ಇರ್ತದೆ. ಇದನ್ನ ಆರಿಸಬೇಕು ಅಂದ್ರೆ ಸೂರ್ಯುಡ್ನೇ ಆರಿಸಬೇಕು. ಅರ್ಥಮೈಂದಾ?"

ಎಲ್ಲರೂ ನಕ್ಕರು. ನಾನು ತಲೆ ಎತ್ತಿ ನೋಡಿದೆ. ಮೋಡದ ಒಂದು ಚೂರೂ ಇರಲಿಲ್ಲ. ಆ ಇಡೀ ಬಯಲೇ ಚಿಕ್ಕಪ್ಪ ಮುಟ್ಟಿದ ಪೆಟ್ಟಿಗೆಯಂತೆ ಕಂಡಿತು. ಅವತ್ತು ಸಂಜೆಯವರೆಗೂ ಎರಡೂ ಕೈಗಳನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದೆ.

ಎರಡನೇ ದಿನ ಮಧ್ಯಾಹ್ನ ಹಲಗೆಗಳ ಒಂದು ಸಾಲನ್ನು ಬಿಡಿಸಿ ಜೋಡಿಸುವುದನ್ನು ಅಕ್ಕ ತೋರಿಸುತ್ತಿದ್ದರು. ಹಲಗೆಯ ಕರೆಂಟು ಆರದಿದ್ದರೂ ಹರಿಯುವುದು ನಿಲ್ಲಲು ಮೊದಲು ಪೆಟ್ಟಿಗೆಯಲ್ಲಿ ಆ ಸಾಲಿನ ಸ್ವಿಚ್ಚು ತೆಗೆಯಬೇಕು, ಮೀಟರು ಹಿಡಿದು ಕರೆಂಟು ಹರಿಯುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು, ಕೈಗವಸು ಹಾಕಿಕೊಂಡು ಆಮೇಲೆ ತಂತಿಯ ಜೋಡಣೆ ಬಿಚ್ಚಬೇಕು. ನಮ್ಮಲ್ಲಿ ಸಿರಾದವನೊಬ್ಬನಿದ್ದ. ಅವನ ತಂದೆಗೆ ಸಿರಾದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ, ಅವನ ಕೈ ನಮ್ಮೆಲ್ಲರಿಗಿಂತ ಚುರುಕು. ಅಕ್ಕ ಒಂದು ಸಾಲಿನ ಸ್ವಿಚ್ಚು ತೆಗೆದಿದ್ದರು. ಅವನು ಮೀಟರು ಹಿಡಿಯದೆ, ಕೈಗವಸು ಕಳಚಿಟ್ಟು, ಸಾಲು ತಪ್ಪಿ ಪಕ್ಕದ ಸಾಲಿನ ಜೋಡಣೆಯನ್ನು ಎಳೆದ.

ಚರ್ರ್ ಎಂದಿತು. ಅವನ ಬೆರಳುಗಳ ನಡುವೆ ಬಿಳಿಯ ಬೆಂಕಿ ಎದ್ದಿತು. ಅವನು ಕೂಗಿ ಹಿಂದಕ್ಕೆ ಬಿದ್ದ. ಕೆಳಗಿದ್ದ ಒಣಹುಲ್ಲು ಹೊತ್ತಿಕೊಂಡಿತು.

ಮರಳಿನ ಬಕೆಟ್ಟು ನನ್ನ ಕಾಲಿಗೆ ತಾಗುವಷ್ಟು ಹತ್ತಿರ ಇತ್ತು.

"ಮರಳು ಹಾಕು!" ಅಕ್ಕ ಕೂಗಿದರು. "ಏಯ್ ಅಮ್ಮಾಯಿ, ಬಕೆಟ್ಟು! ಬಕೆಟ್ಟು ಎತ್ತು!"

ಕೇಳಿಸಿತು. ಮಾತು ಅರ್ಥವೂ ಆಯಿತು. ಆದರೆ ಬಗ್ಗಿ ಬಕೆಟ್ಟಿಗೆ ಕೈ ಹಾಕಲಿಲ್ಲ. ಬದುವಿನ ಮೇಲೆ ಕೂತಿದ್ದಾಗ ಕೇಳಿದ ಕೂಗೇ ಕಿವಿಯಲ್ಲಿ ತುಂಬಿಕೊಂಡಿತ್ತು. ಅಕ್ಕನೇ ಓಡಿ ಬಂದು ನನ್ನನ್ನು ಪಕ್ಕಕ್ಕೆ ತಳ್ಳಿ ಮರಳು ಸುರಿದರು. ಬೆಂಕಿ ಒಂದು ಚಾಪೆಯಗಲಕ್ಕೂ ಹರಡಲಿಲ್ಲ. ನಾನು ಬಿಕ್ಕುತ್ತಾ ನಿಂತಿದ್ದೆ.

ಸಿರಾದವನ ಎರಡು ಬೆರಳು, ಅಂಗೈಯ ಅಂಚು ಸುಟ್ಟಿದ್ದವು. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿ ಕಳಿಸಿದರು. ಮಾರನೇ ದಿನ ಬೆಳಿಗ್ಗೆಯೇ ಅವನು ವ್ಯಾನಿನಲ್ಲಿ ಕೂತಿದ್ದ. ನಾನು ಅವನ ಮುಖ ನೋಡಲಾರದೆ ನಿಂತಾಗ ಅವನೇ ಮಾತಾಡಿಸಿದ.

"ಘಾಬ್ರಿ ಆಗ್ಬೇಡಿ. ತಪ್ಪು ನಂದೇ. ಅಬ್ಬಾಗೆ ಫೋನ್ ಮಾಡಿದ್ದೆ, ಸುಟ್ಟಿದ್ದಕ್ಕೆ ಬೈಲಿಲ್ಲ, ಮೀಟರ್ ಹಿಡೀದೆ ಇದ್ದಿದ್ದಕ್ಕೆ ಅರ್ಧ ಗಂಟೆ ಬೈದ್ರು."

ಅವತ್ತು ಮಧ್ಯಾಹ್ನ ಅಕ್ಕ ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡರು. ಬೈಯುತ್ತಾರೆಂದುಕೊಂಡಿದ್ದೆ. ಚಿಕ್ಕಪ್ಪನ ವಿಷಯ ಹೇಳಿದೆ. ಅವರು, "ಪೆಟ್ಟಿಗೆಗೆ ಅರ್ಥಿಂಗ್ ಇತ್ತಾ?" ಎಂದು ಕೇಳಿದರು. ಅರ್ಥಿಂಗ್ ಎಂದರೆ ತಗಡಿಗೆ ಹರಿದ ಕರೆಂಟನ್ನು ಭೂಮಿಗೆ ಇಳಿಸುವ ತಂತಿ. ಅದನ್ನು ಹಿಂದಿನ ದಿನವಷ್ಟೇ ಹೇಳಿಕೊಟ್ಟಿದ್ದರು. ನಮ್ಮ ಪೆಟ್ಟಿಗೆಗೆ ಅದು ಇತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಹನ್ನೆರಡು ವರ್ಷದಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

ಊರಿಗೆ ಬಂದಾಗ ಅಪ್ಪ ಜಗಲಿಯ ಮೇಲೆ ಫೋನು ಹಿಡಿದು ಕೂತಿದ್ದರು. ಅದರಲ್ಲಿ ನಮ್ಮ ಆರು ಜನರ ಫೋಟೊ. ತಲೆಗೆ ಹಳದಿ ಟೊಪ್ಪಿ, ಹಿಂದೆ ಹಲಗೆಗಳ ಸಾಲು. ಯಾರೋ ಹಾಕಿದ್ದು ಯಾರ್ಯಾರಿಂದಲೋ ದಾಟಿಕೊಂಡು ನಮ್ಮೂರಿನ ಗುಂಪಿಗೂ ಬಂದಿತ್ತು.

"ಇದೇನಾ ಎಸಿ ರೂಮು?" ಅಂದರು.

ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ನಾನು ಬ್ಯಾಗನ್ನು ಕೆಳಗಿಡದೆಯೇ ಎಲ್ಲವನ್ನೂ ಹೇಳಿದೆ, ಗಣಿತದ ಎರಡು ಪೇಪರನ್ನೂ ಸೇರಿಸಿ. ಹೊಡೆಯುತ್ತಾರೆಂದು ಹೆದರಿದ್ದೆ. ಅಪ್ಪ ಫೋನನ್ನು ಜಗಲಿಯ ಮೇಲೆ ಬಿಟ್ಟು ಎದ್ದು ಹೋದರು. ಊಟಕ್ಕೂ ಬರಲಿಲ್ಲ.

ಬೆಳಿಗ್ಗೆ ಅವರೇ ಕರೆದರು. "ಬಾ ಹೊಲ್ತಾವ್ಕೆ."

ಪಂಪ್ ಮನೆಯ ಮುಂದೆ ನಿಂತು ಪೆಟ್ಟಿಗೆಯ ಕಡೆ ಕೈ ತೋರಿಸಿದರು. "ಅದೇನು ಕಲ್ಸವ್ರೋ ತೋರ್ಸು. ನಿನ್ ಕೈ ಅದ್ರುತ್ತೋ ಇಲ್ವೋ ನಾನೂ ನೋಡ್ಬೇಕು."

ಕೈ ಅದುರುತ್ತಿತ್ತು. ಹೆಗಲಿಗಿದ್ದ ಬ್ಯಾಗಿನಲ್ಲಿ ಅಕ್ಕ ಕೊಟ್ಟಿದ್ದ ಟೆಸ್ಟರು ಇತ್ತು. ಒಣ ಮರದ ಹಲಗೆಯೊಂದನ್ನು ಹಾಕಿಕೊಂಡು ಅದರ ಮೇಲೆ ನಿಂತೆ. ಟೆಸ್ಟರಿನ ತುದಿಯನ್ನು ಪೆಟ್ಟಿಗೆಯ ತಗಡಿಗೆ ತಾಗಿಸಿದೆ. ಒಳಗಿನ ಸಣ್ಣ ದೀಪ ಕೆಂಪಗೆ ಹೊತ್ತಿತು.

ಪೆಟ್ಟಿಗೆಯ ಮೈಯಲ್ಲೇ ಕರೆಂಟು ಇತ್ತು. ಅದೇ ಪೆಟ್ಟಿಗೆಯ ಮುಂದೆ ಅಪ್ಪ ದಿನಾ ಒಂದು ಕೋಲು ಹಿಡಿದು ನಿಲ್ಲುತ್ತಿದ್ದರು.

"ಹಿಂದಕ್ಕೆ ಬಾಪ್ಪ," ಎಂದೆ. ನನ್ನ ದನಿ ನನಗೇ ಗುರುತಾಗಲಿಲ್ಲ.

ಮೇನ್ ಸ್ವಿಚ್ಚು ತೆಗೆದೆ. ಮತ್ತೆ ಟೆಸ್ಟರು ಹಿಡಿದೆ, ದೀಪ ಹೊತ್ತಲಿಲ್ಲ. ಆಮೇಲೆ ಪೆಟ್ಟಿಗೆಯ ಬಾಗಿಲು ತೆಗೆದು ನೋಡಿದರೆ ಇಲಿ ಕಡಿದ ತಂತಿಯೊಂದು ತಗಡಿಗೆ ಒರಗಿಕೊಂಡಿತ್ತು. ಪೆಟ್ಟಿಗೆಯಿಂದ ಗೋಡೆಯುದ್ದಕ್ಕೂ ಕೆಳಗೆ ಇಳಿದಿದ್ದ ಅರ್ಥಿಂಗ್ ತಂತಿಯನ್ನು ಬೆರಳಲ್ಲಿ ಹಿಡಿದು ಹೋದೆ. ನೆಲಕ್ಕೆ ಇನ್ನೂ ಒಂದು ಗೇಣು ಇರುವಾಗಲೇ ಅದು ಮುಗಿದಿತ್ತು. ತುದಿಯನ್ನು ಮಡಚಿ ಗಾರೆಯ ಬಿರುಕಿಗೆ ಸಿಕ್ಕಿಸಿದ್ದರು. ಮೊದಲ ದಿನದಿಂದಲೂ ಅದು ಭೂಮಿ ಮುಟ್ಟಿರಲೇ ಇಲ್ಲ.

ಆ ತಂತಿ ಭೂಮಿಗೆ ಇಳಿದಿದ್ದರೆ ಚಿಕ್ಕಪ್ಪ ಉಳಿಯುತ್ತಿದ್ದರೇನೋ ಎಂದು ಅಪ್ಪನಿಗೆ ವಿವರಿಸಿದೆ. ಅವರು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತರು.

"ಒದ್ದೆ ಕೈಯಾಗೆ ಮುಟ್ಬುಟ್ಟ, ಬುದ್ಧಿ ಇರ್ಲಿಲ್ಲ ಅವನ್ಗೆ ಅಂತ ಅಂದ್ಕೊಂಡು ಬಂದೆ ಕಣಮ್ಮ ಇಷ್ಟು ವರ್ಷ. ಬಿರ್‍ರನೆ ಹೋಗಿ ಮೋಟ್ರು ಹಾಕ್ಲಾ ಅಂತ ಅವತ್ತು ನಾನೇ ಕೂಗಿದ್ದೆ." ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಇದ್ನ ಸರಿ ಮಾಡಕ್ಕೆ ಬತ್ತದಾ ನಿಂಗೆ?"

"ಇನ್ನೂ ಬರಲ್ಲಪ್ಪ."

ಅದು ನಿಜವಾಗಿತ್ತು. ಕೊರಟಗೆರೆಯಿಂದ ಎಲೆಕ್ಟ್ರಿಷಿಯನ್ ಬಂದು ತಂತಿ ಬದಲಿಸಿ, ಗುಂಡಿ ತೋಡಿ ಕಂಬಿ ಹೂಳುವ ತನಕ ಎರಡು ದಿನ ಪಂಪ್ ಹಾಕಲು ನಾನು ಬಿಡಲಿಲ್ಲ. ಅವರು ಕೆಲಸ ಮಾಡುವಾಗ ಪಕ್ಕದಲ್ಲೇ ನಿಂತು ಪ್ರತಿಯೊಂದನ್ನೂ ಏಕೆ ಎಂದು ಕೇಳಿದೆ. ಮೇಡಂ ಕೇಳಿದ್ದ ಪ್ರಶ್ನೆಗೆ ಉತ್ತರ ಅಲ್ಲಿ ನಿಂತಿದ್ದಾಗ ನನಗೇ ಗೊತ್ತಾಯಿತು. ಹೆದರಿಕೆ ಒಂದಿಷ್ಟೂ ಇಳಿದಿರಲಿಲ್ಲ. ಆದರೂ ಆ ಕೆಲಸ ನನಗೆ ಬೇಕಿತ್ತು.

ಒಪ್ಪಿಗೆ ಕಳಿಸಲು ಒಂದೇ ದಿನ ಉಳಿದಿದ್ದಾಗ ಅಪ್ಪನನ್ನು ಕೇಳಿದೆ. "ಹೋಗು ಅನ್ನಕ್ಕೆ ನಂಗೆ ಎದೆ ಇಲ್ಲ," ಎಂದರು. "ಬ್ಯಾಡ ಅನ್ನಕ್ಕೂ ಬಾಯಿ ಬರಲ್ಲ. ನೀನೇ ನೋಡ್ಕೊ." ನಾನು ಫೋನಿನಲ್ಲಿ ಒಪ್ಪಿಗೆಯ ಗುಂಡಿ ಒತ್ತಿ, ಕಾಲೇಜಿನಲ್ಲಿ ಓದು ನಿಲ್ಲಿಸುವ ಅರ್ಜಿ ಬರೆದುಕೊಟ್ಟೆ. ಗುಮಾಸ್ತರು, "ಯೋಚ್ನೆ ಮಾಡಿದೀರಾ?" ಎಂದರು. ಹೂಂ ಎಂದೆ. ಮೆಟ್ಟಿಲು ಇಳಿಯುವಾಗ ವಾಪಸ್ ಓಡಿ ಹೋಗಿ ಅರ್ಜಿ ಕಿತ್ತುಕೊಳ್ಳೋಣವೇ ಎನ್ನಿಸಿ ಕಂಬಿ ಹಿಡಿದು ನಿಂತೆ. ಬಸ್ಸಿನ ಹೊತ್ತಾಗಿತ್ತು, ಇಳಿದೆ.

ತರಬೇತಿ ಮುಗಿಸಿ ಅಲ್ಲೇ ಕೆಲಸಕ್ಕೆ ಸೇರಿ ಈಗ ಎರಡನೇ ವರ್ಷ. ಡಿಗ್ರಿ ಅರ್ಧಕ್ಕೇ ನಿಂತಿದೆ; ಈ ಘಟಕದ ಗುತ್ತಿಗೆ ಮುಗಿದರೆ ಅರ್ಧ ಡಿಗ್ರಿ ಇಟ್ಟುಕೊಂಡು ಎಲ್ಲಿಗೆ ಹೋಗುವುದು ಎಂಬ ಹೊಸ ಭಯವೂ ಸೇರಿಕೊಂಡಿದೆ. ಅಮ್ಮ ದಿನಾ ಮಧ್ಯಾಹ್ನ ಒಂದೂವರೆಗೆ ಫೋನು ಮಾಡುತ್ತಾರೆ. "ಉಂಡ್ಯಾ?" ಎನ್ನುತ್ತಾರೆ. "ಉಂಡೆ," ಎನ್ನುತ್ತೇನೆ. ಅಷ್ಟೇ ಮಾತು. ಮೊನ್ನೆ ಹಲಗೆಗಳ ನಡುವೆ ಸಿಗ್ನಲ್ ಸಿಗದೆ ಅರ್ಧ ಗಂಟೆ ತಡವಾಯಿತು. ಹೊರಗೆ ಬಂದು ನೋಡಿದರೆ ಅಮ್ಮ ಹನ್ನೊಂದು ಸಲ ಕರೆ ಮಾಡಿದ ಸಂದೇಶಗಳಿದ್ದವು. ವಾಪಸ್ ಮಾಡಿದೆ, ಅಮ್ಮ ಕೇಳುವವರೆಗೂ ಕಾಯಲಿಲ್ಲ. ನಾನೇ, "ಉಂಡೆ ಕಣಮ್ಮ," ಎಂದೆ. ಆ ಕಡೆ ಅವರು ಉಸಿರು ಬಿಟ್ಟದ್ದು ಕೇಳಿಸಿತು.