ಚಿಕ್ಕಲಕ್ಷ್ಮಮ್ಮನ ಬಕೆಟ್ ಗುಲಾಬಿ

ರಾಮನಾಥಪುರದ ಕಡೆಯ ಹೊಗೆಸೊಪ್ಪು ಬೆಳೆಯೋರಿಗೆ ಹೂವು ಕಂಡರೆ ಆಗೋದಿಲ್ಲ. ತಪ್ಪು ತಿಳ್ಕೋಬೇಡಿ, ದೇವರಿಗೂ ಏರಿಸ್ತಾರೆ, ಹೆಂಡತಿಗೂ ತಂದುಕೊಡ್ತಾರೆ. ಆದರೆ ಹೊಲದಲ್ಲಿ ಗಿಡ ಹೂವಿಗೆ ಬಂತೋ, ಎಲೆಯ ತೂಕ ಹೋಯ್ತು ಅಂತಲೇ ಅರ್ಥ. ಮೊಗ್ಗು ಕಂಡ ಕೂಡಲೇ ಕುಡಿ ಮುರಿದು ಬಿಸಾಕ್ತಾರೆ. ಕೆಂಪಣ್ಣ ಮೀಸೆ ಬಂದಾಗಿನಿಂದ ಅದನ್ನೇ ಮಾಡಿಕೊಂಡು ಬಂದವನು.

ಅವನ ಹೆಂಡತಿ ಚಿಕ್ಕಲಕ್ಷ್ಮಮ್ಮನೂ ಅದೇ ಹೊಲದಲ್ಲಿ ಅವನ ಸಮಕ್ಕೆ ಬೆನ್ನು ಬಗ್ಗಿಸಿದವಳೇ. ಬೆಳೆ ಚೆನ್ನಾಗಿ ಬಂದರೆ ಊರವರು ಮಾತ್ರ 'ಕೆಂಪಣ್ಣನ ಸೊಪ್ಪು' ಅನ್ನೋರು. ಅವಳಿಗೆ ಅದು ಒಳಗೊಳಗೇ ಚುಚ್ಚುತ್ತಿತ್ತು. ನನ್ನದು ಅಂತ ಒಂದಿರಲಿ ಎಂದುಕೊಂಡು ಖಾಲಿ ಪೇಂಟ್ ಬಕೆಟ್‌ಗಳ ತಳಕ್ಕೆ ತೂತು ಹೊಡೆದು, ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿ ತುಂಬಿ, ಬಟನ್ ಗುಲಾಬಿ ನೆಟ್ಟಳು. ಮೊಣಕಾಲೆತ್ತರದ ಗಿಡ, ಮೈತುಂಬ ಹೂವು. ಅಡ್ಡಾದಿಡ್ಡಿ ಹೊರಟ ಕೊಂಬೆಗಳನ್ನು ಸವರಿ ಸವರಿ ಗುಂಡಗೆ ಮಾಡಿದ್ದಳು. ಬಸ್ಸಿಗೆ ಹೊರಟವರೂ ಜಗಲಿ ಮುಂದೆ ಒಂದು ಗಳಿಗೆ ನಿಂತು ನೋಡಿಕೊಂಡೇ ಹೋಗೋರು.

ರುದ್ರಪಟ್ಟಣದಲ್ಲಿ ಒಂದು ದೊಡ್ಡ ಸಂಗೀತ ಕಛೇರಿ ನಿಗದಿಯಾಯಿತು. ವೇದಿಕೆ ಮುಂದೆ ಇಡಲು ಅವಳ ಗಿಡಗಳಾದರೆ ಹೇಗೆ ಅಂತ ಕಛೇರಿ ನಡೆಸುವ ಗೌರೀಶನಿಗೆ ಅನ್ನಿಸಿತು. ಸೋಮವಾರ ಬಂದು ನೋಡ್ತೀನಿ, ಹಿಡಿಸದಿದ್ದರೆ ಹಾಸನದಿಂದ ತರಿಸ್ತೀನಿ ಅಂತ ಹೇಳಿ ಕಳಿಸಿದ. ಚಿಕ್ಕಲಕ್ಷ್ಮಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಷ್ಟರಲ್ಲಿ ಹೊಳೆನರಸೀಪುರದಲ್ಲಿದ್ದ ಮಗಳು ಅನುಶ್ರೀಗೆ ಜ್ವರ ಬಂತು. ಗಿಡಕ್ಕೆ ನೀರು ಹಾಕಿ ಅಂತ ಗಂಡನಿಗೆ ಹೇಳಿ ಹೋದವಳು ಭಾನುವಾರ ಸಂಜೆ ಬಂದು ನೋಡಿದರೆ, ಅರ್ಧ ಸಾಲು ಬೋಳು. ಒಂದು ಮೊಗ್ಗಿಲ್ಲ.

"ನೀರಾಕ್ತಾ ಇದ್ದೆ, ಮೊಗ್ಗು ಕಾಣುಸ್ತು. ಕೈ ತಾನಾಗೇ ಓಯ್ತು ಕಣೆ," ಅಂದ ಕೆಂಪಣ್ಣ.

"ನಿಮ್ಮ ಕೈ ಓಯ್ತು. ನನ್ನ ಮಾನಾನೂ ಓಯ್ತು."

ಅವಳಿಗೆ ಅಳು ಬಂತು, ಅದರ ಬೆನ್ನಿಗೇ ಸಿಟ್ಟು ಬಂತು. ರಾತ್ರಿ ಅವನು ತಾನೇ ಬಡಿಸಿಕೊಂಡು ಉಂಡ.

ಮಾರನೆಯ ದಿನ ಗೌರೀಶ ಬಂದವನು ಮುಖ ಸಪ್ಪಗೆ ಮಾಡಿದ. "ಏನಮ್ಮ, ಈ ಕಡೆ ಹೂವೇ ಇಲ್ಲವಲ್ಲ."

"ಕಛೇರಿಗೆ ಇನ್ನೂ ತಿಂಗಳ ಮೇಲೈತಲ್ಲ ಸಾ?" ಎಂದವಳೇ ಒಳಗಿಂದ ಕತ್ತರಿ ತಂದಳು. ಉಳಿದರ್ಧ ಸಾಲಿನಲ್ಲಿ ಅರಳಿ ನಿಂತಿದ್ದ ಹೂವನ್ನೆಲ್ಲ ಕಚಕಚ ಕತ್ತರಿಸತೊಡಗಿದಳು.

"ಲೇ, ನಿಂಗೇನ್ ಗ್ರಾಚಾರ ಬಂತು?" ಅಂದ ಕೆಂಪಣ್ಣ.

ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ. "ಇವು ಈಗ ಅರಳಿದ್ರೆ ಅವತ್ತಿಗೆ ಉದುರೋಯ್ತವೆ ಸಾ. ಮುರ್ದಿರೋ ಕಡೆ ಒಂದಕ್ಕೆರಡು ಕುಡಿ ಒಡೀತವೆ, ಎಲ್ಲಾ ಒಟ್ಟಿಗೇ ಹೂವಿಗೆ ಬತ್ತವೆ. ಬರದಿದ್ರೆ ಇನ್ಮ್ಯಾಕೆ ನಾನು ಗಿಡದ ತಂಟೆಗೇ ಓಗಕಿಲ್ಲ."

ನೆಲದ ಮೇಲೆ ಬಿದ್ದ ಹೂವಿನ ರಾಶಿಯನ್ನೂ ಅವಳ ಮುಖವನ್ನೂ ನೋಡಿದ ಗೌರೀಶ, "ಇಷ್ಟು ಗಟ್ಟಿಯಾಗಿ ಹೇಳ್ತೀರಲ್ಲ, ಆಗಲಿ," ಅಂದ.

ಆಮೇಲಿನ ಒಂದು ತಿಂಗಳು ಕೆಂಪಣ್ಣ ಜಗಲಿ ಮುಂದೆ ಕೈ ಹಿಂದಕ್ಕೆ ಕಟ್ಟಿಕೊಂಡೇ ಓಡಾಡಿದ. ಕಛೇರಿ ಹತ್ತಿರ ಬಂದರೂ ಮೊಗ್ಗು ಗಟ್ಟಿ ಹಸಿರಾಗೇ ಇತ್ತು. ಚಿಕ್ಕಲಕ್ಷ್ಮಮ್ಮ ಹೊತ್ತು ಹುಟ್ಟುವ ಮೊದಲೇ ಎದ್ದು ಮೊಗ್ಗು ಮುಟ್ಟಿ ಮುಟ್ಟಿ ನೋಡೋಳು. ಕೊನೆಗೆ ಬಿಸಿಲು ಚುರುಕಾದ ಮೇಲೆ ಒಂದೊಂದೇ ಬಾಯಿಬಿಟ್ಟವು. ಟೆಂಪೋಗೆ ಏರಿಸುವ ಹೊತ್ತಿಗೆ ಎಲೆ ಕಾಣದ ಹಾಗೆ ಹೂವು. ಅವಳು ಬಕೆಟ್‌ಗಳ ಮಧ್ಯದಲ್ಲೇ ಕೂತು ಹೋದಳು.

ಕಛೇರಿ ಮುಗಿದ ಮೇಲೆ ವಂದನಾರ್ಪಣೆ. "ಇಷ್ಟು ಚೆಂದದ ಹೂವಿನ ಅಲಂಕಾರ ಒದಗಿಸಿದ ಶ್ರೀ ಕೆಂಪಣ್ಣನವರಿಗೆ..." ಅಂತ ಯಾರೋ ಮೈಕಿನಲ್ಲಿ ಓದಿದರು. ಹೆಂಗಸರ ನಡುವೆ ಕೂತಿದ್ದ ಅವಳ ಮುಖ ಬಾಡಿತು. ಇಲ್ಲೂ ಅದೇ ಹಣೆಬರಹ ಅಂದುಕೊಂಡಳು.

ಅಷ್ಟರಲ್ಲಿ ಗಂಡಸರ ಕಡೆಯಿಂದ ಕೆಂಪಣ್ಣ ಎದ್ದು ನಿಂತ. ಮದುವೆಯಾದಾಗಿನಿಂದ ಹೆಂಡತಿಯನ್ನು 'ಲೇ' ಬಿಟ್ಟು ಬೇರೆ ಏನಂತಲೂ ಕರೆದವನಲ್ಲ.

"ತಡೀರಿ ಸಾ. ಬೆಳ್ಸಿದ್ದು ಚಿಕ್ಕಲಕ್ಷ್ಮಮ್ಮ. ನಾನು ಮೊಗ್ಗು ಮುರ್ದೋನು. ಅವಳ ಎಸ್ರೇಳಿ."

ಜನ ನಕ್ಕರು. ಮೈಕಿನಲ್ಲಿ ಅವಳ ಹೆಸರು ಬಂತು, ಆಮೇಲೆ ಚಪ್ಪಾಳೆ. ಪಕ್ಕದವಳು ಸೆರಗು ಹಿಡಿದು ಕೂತ್ಕೊಳಮ್ಮ ಅಂದರೂ ಕೇಳದೆ ಚಿಕ್ಕಲಕ್ಷ್ಮಮ್ಮ ಎದ್ದಳು. ಚಪ್ಪಾಳೆ ನಿಲ್ಲುವ ತನಕ ನಿಂತೇ ಇದ್ದಳು.